ಆಟದ ಫಲಿತಾಂಶದ ಚಾರ್ಟ್: ಗೆಲುವಿಗೆ ಹಸಿರೇ ಬೇಕಾ?

ಸ್ಕೋರ್‌ಬುಕ್:
ಎಲ್ಲರಿಗೂ ನಮಸ್ಕಾರ. ನಾವು ಏಳು ಜನ ವಾರಕ್ಕೊಮ್ಮೆ ಸೇರಿ ಚೆಸ್ ಮತ್ತು ಬೋರ್ಡ್ ಗೇಮ್ ಆಡುತ್ತೇವೆ. ಲೆಕ್ಕ ಇಡುವ ಕೆಲಸ ನನ್ನದು. ತಿಂಗಳ ಕೊನೆಗೆ ಮೂರು ಚಾರ್ಟ್ ಮಾಡಿ ಗುಂಪಿಗೆ ಕಳಿಸುತ್ತೇನೆ. ಮೊದಲನೆಯದು, ಯಾರು ಯಾರ ಮೇಲೆ ಗೆದ್ದರು ಅನ್ನುವ ಚೌಕಗಳ ಪಟ್ಟಿ. ಗೆದ್ದರೆ ಹಸಿರು, ಸೋತರೆ ಕೆಂಪು, ಡ್ರಾ ಆದರೆ ಹಳದಿ. ಎರಡನೆಯದು, ವಾರದಿಂದ ವಾರಕ್ಕೆ ಒಟ್ಟು ಅಂಕ ಏರುವ ಗೆರೆಗಳು, ಏಳು ಜನಕ್ಕೆ ಏಳು ಬಣ್ಣ. ಮೂರನೆಯದು, ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ. ಎಷ್ಟು ಅಂಕದ ಅಂತರದಲ್ಲಿ ಗೆದ್ದರು, ಎಷ್ಟರಲ್ಲಿ ಸೋತರು ಅಂತ.

ಹೋದ ತಿಂಗಳು ನಮ್ಮಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಇದರಲ್ಲಿ ನಾನು ಗೆದ್ದಿದ್ದು ಯಾವುದು, ಸೋತಿದ್ದು ಯಾವುದು? ನನಗೆ ಎರಡೂ ಒಂದೇ ತರ ಕಾಣುತ್ತೆ." ಎರಡು ವರ್ಷದಿಂದ ಕಳಿಸುತ್ತಿದ್ದೇನೆ. ಅಷ್ಟೂ ದಿನ ಅವರು ಏನೂ ಹೇಳದೆ ಸುಮ್ಮನಿದ್ದರು. ತುಂಬಾ ಬೇಜಾರಾಯಿತು. ಈ ಸಲ ಸರಿಯಾಗಿ ಮಾಡಬೇಕು. ಯಾವ ಬಣ್ಣ ಹಾಕಲಿ?

ಮೂಲೆಮನೆ:
ಹಸಿರು ಕೆಂಪು ತೆಗೀರಿ, ನೀಲಿ ಕಿತ್ತಳೆ ಹಾಕಿ. ಅಷ್ಟೇ.

ಹಳೇಕೋಚ್:
ಅಷ್ಟೇ ಅಂದ್ರೆ ಹೇಗೆ? ನೀಲಿ ನೋಡಿದರೆ ಯಾರಿಗೆ ಗೆಲುವು ಅನಿಸುತ್ತೆ ಹೇಳಿ. ಫುಟ್‌ಬಾಲ್ ಲೀಗ್ ಪಟ್ಟಿಗಳಲ್ಲಿ ಕೊನೆಯ ಐದು ಪಂದ್ಯಗಳ ಚುಕ್ಕೆ ನೋಡಿರುತ್ತೀರಿ. ಹಸಿರು, ಬೂದು, ಕೆಂಪು. ಲೆಜೆಂಡ್, ಅಂದ್ರೆ ಯಾವ ಬಣ್ಣಕ್ಕೆ ಯಾವ ಅರ್ಥ ಅನ್ನುವ ಪಟ್ಟಿ, ಓದುವ ಅಗತ್ಯವೇ ಇಲ್ಲ, ಕಣ್ಣಿಗೆ ಬಿದ್ದ ಕೂಡಲೇ ತಂಡದ ಸ್ಥಿತಿ ಗೊತ್ತಾಗುತ್ತೆ. ನಾನು ಹುಡುಗರಿಗೆ ಆಟ ಕಲಿಸುವಾಗ ಬೋರ್ಡ್ ಮೇಲೆ ಇದನ್ನೇ ಬಳಸಿದ್ದೇನೆ. ರೂಢಿಯಲ್ಲಿರೋದನ್ನ ಬಿಟ್ಟರೆ ಉಳಿದ ಆರು ಜನ ಪ್ರತಿ ಸಲ ಲೆಜೆಂಡ್ ಹುಡುಕಬೇಕಾಗುತ್ತೆ.

ಮಬ್ಬುಹಸಿರು:
ನಾನು ನಿಮ್ಮ ಆ ಗೆಳೆಯರ ತರದವನೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದನ್ನ ಬಣ್ಣಗುರುಡು ಅಂತಾರೆ, ಆದರೆ ನನಗೆ ಬಣ್ಣ ಕಾಣುತ್ತೆ. ನೀಲಿ ಚೆನ್ನಾಗಿ ಕಾಣುತ್ತೆ, ಹಳದಿ ಕಾಣುತ್ತೆ. ಕೆಲವು ಹಸಿರು ಮತ್ತು ಕೆಲವು ಕೆಂಪು ಮಾತ್ರ ಎರಡೂ ಒಂದೇ ಕಂದುಹಳದಿಯ ಹತ್ತಿರ ಬಂದು ನಿಲ್ಲುತ್ತವೆ. ನನ್ನ ಬ್ಯಾಟರಿ ಚಾರ್ಜರ್‌ನಲ್ಲಿ ಒಂದು ಚುಕ್ಕಿ ದೀಪ ಇದೆ. ಚಾರ್ಜ್ ಆಗುವಾಗ ಕೆಂಪು, ತುಂಬಿದ ಮೇಲೆ ಹಸಿರು ಅಂತೆ. ನನಗೆ ಅದು ಯಾವಾಗಲೂ ಉರಿಯುತ್ತಿರುವ ಒಂದು ದೀಪ, ಅಷ್ಟೇ. ತುಂಬಿದೆಯಾ ಅಂತ ಮನೆಯವರನ್ನ ಕೇಳಬೇಕು.

ಚಾರ್ಟ್‌ನಲ್ಲಿ ಚೌಕ ಚಿಕ್ಕದಾದಷ್ಟೂ ಕಷ್ಟ ಜಾಸ್ತಿ. ಇಡೀ ಗೋಡೆ ಹಸಿರಾಗಿದ್ದರೆ ಹಸಿರು ಅಂತ ಹೇಳಬಲ್ಲೆ. ಉಗುರಿನಷ್ಟು ಚೌಕ ಆದರೆ ಆಗಲ್ಲ. ಇನ್ನು ಕೇಳದೆ ಸುಮ್ಮನಿರೋದು ಯಾಕೆ ಅಂದ್ರೆ, ಕೇಳಿದ ಕೂಡಲೇ ಯಾರಾದರೂ ಕೈಗೆ ಸಿಕ್ಕಿದ್ದನ್ನ ಎತ್ತಿ "ಇದು ಯಾವ ಬಣ್ಣ ಹೇಳು" ಅಂತ ಶುರು ಮಾಡ್ತಾರೆ. ನಿಮ್ಮ ಗೆಳೆಯರು ಪಕ್ಕಕ್ಕೆ ಕರೆದು ಕೇಳಿದ್ದು ಅದಕ್ಕೇ ಇರಬೇಕು.

ನೀಲಿಶಾಯಿ:
ಇದು ಅಪರೂಪದ ವಿಷಯ ಅಲ್ಲ ಅನ್ನೋದು ಎಲ್ಲರಿಗೂ ಗೊತ್ತಿರಲಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನಕ್ಕೆ ಕೆಂಪು ಹಸಿರಿನ ಈ ತೊಂದರೆ ಇದೆ, ಹೆಂಗಸರಲ್ಲಿ 0.5% ಅಷ್ಟು. ಬೇರೆ ಜನಾಂಗಗಳಲ್ಲಿ ಪ್ರಮಾಣ ಬೇರೆ. ಇದರ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಗಂಡಸರಿಗೆ ಅದು ಒಂದೇ ಇರೋದು. ಹೆಂಗಸರಿಗೆ ಎರಡಿವೆ, ಹಾಗಾಗಿ ಒಂದರಲ್ಲಿ ತೊಂದರೆ ಇದ್ದರೂ ಸಾಮಾನ್ಯವಾಗಿ ಇನ್ನೊಂದು ಕಾಪಾಡುತ್ತೆ.

ಹಳೇಕೋಚ್:
ಮಬ್ಬುಹಸಿರು ಅವರೇ, ನೀವು ಬರೆದದ್ದು ಓದಿ ಯೋಚನೆ ಮಾಡಿದೆ. ಒಪ್ಪುತ್ತೇನೆ. ಆದರೂ ಒಂದು ಅನುಮಾನ. ಟ್ರಾಫಿಕ್ ಸಿಗ್ನಲ್ ಕೂಡ ಕೆಂಪು ಹಸಿರೇ ಅಲ್ವಾ? ಅದು ಹೇಗೆ ನಡೆಯುತ್ತೆ?

ಮಬ್ಬುಹಸಿರು:
ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ನಾನು ನೋಡೋದು ಯಾವ ಜಾಗದ ದೀಪ ಉರಿಯುತ್ತಿದೆ ಅಂತ. ನಿಮ್ಮ ಚಾರ್ಟ್‌ನ ಚೌಕದಲ್ಲಿ ಆ ಜಾಗದ ಸುಳಿವು ಎಲ್ಲಿದೆ?

ಕುದುರೆನಡೆ:
ಇದಕ್ಕೆ ಚೆಸ್‌ನವರು ಬಣ್ಣ ಬರುವ ಮೊದಲೇ ಪರಿಹಾರ ಕಂಡುಕೊಂಡಿದ್ದಾರೆ. ಟೂರ್ನಿಯ ಪಟ್ಟಿ ತೆಗೆದು ನೋಡಿ. ಗೆದ್ದರೆ 1, ಡ್ರಾ ಆದರೆ ½, ಸೋತರೆ 0. ಕಪ್ಪು ಶಾಯಿ, ಬಿಳಿ ಕಾಗದ, ಯಾರಿಗೂ ಗೊಂದಲ ಇಲ್ಲ. ಬಣ್ಣ ಹಾಕಿ, ಬೇಡ ಅನ್ನಲ್ಲ. ಆದರೆ ಚೌಕದ ಒಳಗೆ ಈ ಅಂಕಿ ಬರೆಯಿರಿ. ಆಗ ಬಣ್ಣ ತಪ್ಪಿದರೂ ಫಲಿತಾಂಶ ತಪ್ಪಲ್ಲ.

ಇನ್ನೊಂದು ಎಚ್ಚರಿಕೆ. ಚೆಸ್ ಚಾರ್ಟ್‌ನಲ್ಲಿ ಬಿಳಿ, ಬೂದು, ಕಪ್ಪು ಪಟ್ಟಿ ಬಂದರೆ ಅದರ ಅರ್ಥ ಬಿಳಿ ಕಾಯಿಯವರು ಎಷ್ಟು ಗೆದ್ದರು, ಡ್ರಾ ಎಷ್ಟು, ಕಪ್ಪು ಕಾಯಿಯವರು ಎಷ್ಟು ಗೆದ್ದರು ಅಂತ. ಆನ್‌ಲೈನ್ ಚೆಸ್ ಆಡುವವರಿಗೆ ಅದು ರೂಢಿ. ನೀವು ಆಟಗಾರನ ಗೆಲುವಿಗೆ ಬಿಳಿ, ಸೋಲಿಗೆ ಕಪ್ಪು ಹಾಕಿದರೆ ಚೆಸ್ ಗೊತ್ತಿರುವವರೇ ತಪ್ಪಾಗಿ ಓದುತ್ತಾರೆ.

ಗೆರೆಗಾರ:
"ಹಸಿರು ಅಂದರೆ ಒಳ್ಳೆಯದು" ಅನ್ನೋದೂ ಎಲ್ಲಾ ಕಡೆ ಇಲ್ಲ. ಚೀನಾದ ಷೇರು ಮಾರುಕಟ್ಟೆಯಲ್ಲಿ ಬೆಲೆ ಏರಿದರೆ ಕೆಂಪು, ಇಳಿದರೆ ಹಸಿರು. ಕೊರಿಯಾದಲ್ಲಿ ಏರಿದರೆ ಕೆಂಪು, ಇಳಿದರೆ ನೀಲಿ. ಅಭ್ಯಾಸ ಆದದ್ದು ಸಹಜ ಅನಿಸುತ್ತೆ, ಅಷ್ಟೇ ಕೋಚ್ ಸರ್. ನೀಲಿಯೂ ಮೂರು ತಿಂಗಳಲ್ಲಿ ಅಭ್ಯಾಸ ಆಗುತ್ತೆ.

ಹಳೇಕೋಚ್:
ಷೇರು ಬೇರೆ, ಆಟ ಬೇರೆ. ಆದರೆ 1, ½, 0 ನನಗೆ ಇಷ್ಟ ಆಯಿತು.

ಬೆಂಚಿನವನು:
ಫಲಿತಾಂಶದ ಚಾರ್ಟ್ ಬಿಡಿ, ಮೈದಾನದಲ್ಲೇ ಇದು ಆಗಿದೆ. 2015ರ ನವೆಂಬರ್ 12ರಂದು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಫಲೋ ಬಿಲ್ಸ್ ಮತ್ತು ನ್ಯೂಯಾರ್ಕ್ ಜೆಟ್ಸ್ ಪಂದ್ಯ. ಒಂದು ತಂಡ ಮೇಲಿಂದ ಕೆಳಗೆ ಪೂರ್ತಿ ಕೆಂಪು, ಇನ್ನೊಂದು ಪೂರ್ತಿ ಹಸಿರು. ಟಿವಿಯಲ್ಲಿ ನೋಡುತ್ತಿದ್ದ ಎಷ್ಟೋ ಜನಕ್ಕೆ ಇಪ್ಪತ್ತೆರಡು ಜನರೂ ಒಂದೇ ತಂಡದವರಂತೆ ಕಂಡರು. ದೂರುಗಳ ಸುರಿಮಳೆಯೇ ಆಯಿತು. ಎಂದಿನಂತೆ ಒಂದು ತಂಡ ಬಿಳಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಮಬ್ಬುಹಸಿರು:
ಬಿಳಿ ಹಾಕಿದ್ದರೆ ಸರಿಹೋಗುತ್ತಿತ್ತು ಅನ್ನೋದೇ ಇಲ್ಲಿ ಮುಖ್ಯ. ಬಣ್ಣ ಯಾವುದು ಅನ್ನೋದಕ್ಕಿಂತ ಒಂದು ಗಾಢ, ಒಂದು ತಿಳಿ ಇರಬೇಕು. ಗಾಢ ತಿಳಿ ವ್ಯತ್ಯಾಸ ನನಗೂ ನಿಮ್ಮಷ್ಟೇ ಚೆನ್ನಾಗಿ ಕಾಣುತ್ತೆ.

ನೀಲಿಶಾಯಿ:
ಬಣ್ಣ ನಾವೇ ಹುಡುಕಬೇಕಾಗಿಲ್ಲ. ಜಪಾನ್‌ನ ಮಸಾತಾಕಾ ಒಕಾಬೆ ಮತ್ತು ಕೇ ಇತೊ ಇಬ್ಬರೂ ವಿಜ್ಞಾನಿಗಳು. ಎಲ್ಲಾ ಬಗೆಯ ಕಣ್ಣಿಗೂ ಬೇರೆ ಬೇರೆಯಾಗಿ ಕಾಣುವ ಎಂಟು ಬಣ್ಣಗಳ ಗುಂಪನ್ನ ಮಾಡಿಟ್ಟಿದ್ದಾರೆ. ಲೆಕ್ಕ, ಚಾರ್ಟ್ ಮಾಡಲು ಬಳಸುವ ಆರ್ ಅನ್ನುವ ಕಂಪ್ಯೂಟರ್ ಭಾಷೆಯ 2020ರಲ್ಲಿ ಬಂದ 4.0 ಆವೃತ್ತಿಯಿಂದ ಅದು ಒಳಗೇ ಸಿಗುತ್ತೆ. ಉಳಿದವರು ಆರ್‌ಜಿಬಿ ಸಂಖ್ಯೆ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಬೆರೆಸಬೇಕು ಅಂತ) ಕೈಯಲ್ಲೇ ಹಾಕಿ: ನೀಲಿ 0, 114, 178. ಕಿತ್ತಳೆ 230, 159, 0. ಕೆಂಗಿತ್ತಳೆ 213, 94, 0. ಆಕಾಶನೀಲಿ 86, 180, 233. ನೀಲಿ ಬೆರೆತ ಹಸಿರು 0, 158, 115. ತಿಳಿನೇರಳೆ 204, 121, 167. ಹಳದಿ 240, 228, 66. ಎಂಟನೆಯದು ಕಪ್ಪು.

ಗೆಲುವಿಗೆ ನೀಲಿ, ಸೋಲಿಗೆ ಕೆಂಗಿತ್ತಳೆ, ಡ್ರಾಗೆ ತಿಳಿ ಬೂದು. ನಾನಾದರೆ ಹೀಗೆ ಹಾಕುತ್ತೇನೆ.

ತೂಕದಕಲ್ಲು:
ನೀಲಿಶಾಯಿ ಅವರೇ, ಅಲ್ಲೊಂದು ತಪ್ಪಾಗುತ್ತೆ. ಆ ನೀಲಿ ಮತ್ತು ಆ ಕೆಂಗಿತ್ತಳೆ ಬಣ್ಣದಲ್ಲಿ ಬೇರೆ, ಹೊಳಪಿನಲ್ಲಿ ಹತ್ತಿರ ಹತ್ತಿರ. ಕಪ್ಪುಬಿಳುಪು ಪ್ರಿಂಟ್ ತೆಗೆದರೆ ಎರಡೂ ಹೆಚ್ಚು ಕಡಿಮೆ ಒಂದೇ ಬೂದು. ಲೆಕ್ಕ ಹಾಕಿದೆ, ಅವುಗಳ ನಡುವಿನ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಸುಮಾರು 1.3ಕ್ಕೆ 1. ಅದೇ ನೀಲಿಯ ಜೊತೆ ಕಿತ್ತಳೆ 230, 159, 0 ಇಟ್ಟರೆ 2.3ಕ್ಕೆ 1. ಪ್ರಿಂಟ್‌ನಲ್ಲೂ ಒಂದು ಗಾಢ, ಒಂದು ತಿಳಿ. ಮಬ್ಬುಹಸಿರು ಹೇಳಿದ್ದು ಇದನ್ನೇ.

ಆದರೆ ಆ ಕಿತ್ತಳೆಗೂ ಒಂದು ಕೊರತೆ ಇದೆ. ಬಿಳಿ ಹಿನ್ನೆಲೆಯ ಮೇಲೆ ಅದರ ಕಾಂಟ್ರಾಸ್ಟ್ ಸುಮಾರು 2.25 ಮಾತ್ರ. ವೆಬ್ ಪುಟಗಳಿಗೆ 2018ರಲ್ಲಿ ಬಂದ ನಿಯಮ ಚಿತ್ರದ ಭಾಗಗಳಿಗೆ ಕನಿಷ್ಠ 3 ಕೇಳುತ್ತೆ, ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5. ಹಾಗಾಗಿ ಕಿತ್ತಳೆ ಚೌಕದ ಸುತ್ತ ತೆಳುವಾದ ಗಾಢ ಅಂಚು ಹಾಕಿ. ಒಳಗಿನ ಅಂಕಿ ನೀಲಿ ಮೇಲೆ ಬಿಳಿ, ಕಿತ್ತಳೆ ಮೇಲೆ ಕಪ್ಪು. ಅದನ್ನ ಅದಲು ಬದಲು ಮಾಡಬೇಡಿ. ಕಿತ್ತಳೆ ಮೇಲೆ ಬಿಳಿ ಅಂಕಿ ಓದಲಿಕ್ಕೇ ಆಗಲ್ಲ.

ನೀಲಿಶಾಯಿ:
ಸರಿ, ನಾನು ಬಣ್ಣ ಮಾತ್ರ ನೋಡಿದ್ದೆ, ಹೊಳಪು ನೋಡಿರಲಿಲ್ಲ. ನನ್ನ ಫೈಲ್‌ಗಳಲ್ಲೂ ಈಗ ತಿದ್ದಬೇಕು. ಥ್ಯಾಂಕ್ಸ್.

ಮೂಲೆಮನೆ:
ನಾನು ಮೊದಲೇ ಹೇಳಿದ್ದೆ, ನೀಲಿ ಕಿತ್ತಳೆ ಅಂತ.

ಗೆರೆಗಾರ:
ಎರಡನೇ ಚಾರ್ಟ್ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ನಿಜವಾದ ಕಷ್ಟ ಇರೋದು ಅಲ್ಲೇ. ಏಳು ಗೆರೆ, ಏಳು ಬಣ್ಣ, ಪಕ್ಕದಲ್ಲಿ ಒಂದು ಲೆಜೆಂಡ್. ಓದುವವರು ಗೆರೆ ನೋಡಬೇಕು, ಲೆಜೆಂಡ್‌ಗೆ ಹೋಗಬೇಕು, ಮತ್ತೆ ಗೆರೆಗೆ ಬರಬೇಕು. ಅಷ್ಟರಲ್ಲಿ ಯಾವ ಗೆರೆ ಅಂತ ಮರೆತಿರುತ್ತೆ.

ಲೆಜೆಂಡ್ ತೆಗೆದುಬಿಡಿ. ಪ್ರತಿ ಗೆರೆಯ ಬಲತುದಿಯಲ್ಲಿ ಆಟಗಾರನ ಹೆಸರು ಬರೆಯಿರಿ, ಗೆರೆಯ ಬಣ್ಣದಲ್ಲೇ. ಎರಡು ಗೆರೆ ಒಂದೇ ಕಡೆ ಮುಗಿದರೆ ಹೆಸರನ್ನ ಸ್ವಲ್ಪ ಮೇಲೆ ಕೆಳಗೆ ಸರಿಸಿ. ಅಲ್ಲಿಗೆ ಅರ್ಧ ಸಮಸ್ಯೆ ಹೋಯಿತು.

ಉಳಿದ ಅರ್ಧಕ್ಕೆ ನಾನು ಮಾಡೋದು ಇದು. ಏಳೂ ಗೆರೆ ಬೂದು ಮಾಡಿ, ಆ ತಿಂಗಳು ಹೇಳಬೇಕಾದ ಕಥೆ ಯಾರದೋ ಅವರ ಒಂದು ಗೆರೆಗೆ ಮಾತ್ರ ಬಣ್ಣ ಹಾಕುತ್ತೇನೆ. ಕೆಳಗಿಂದ ಮೇಲೆ ಬಂದವರು ಇರಬಹುದು, ಮೊದಲ ಸ್ಥಾನ ಬಿಟ್ಟುಕೊಟ್ಟವರು ಇರಬಹುದು. ಎಲ್ಲರಿಗೂ ಅವರವರ ಗೆರೆ ಬೇಕು ಅಂದರೆ ಏಳು ಪುಟ್ಟ ಚಾರ್ಟ್ ಮಾಡಿ. ಪ್ರತಿಯೊಂದರಲ್ಲೂ ಒಬ್ಬರು ಗಾಢ, ಉಳಿದ ಆರು ಜನ ತೆಳು ಬೂದು. ಆಗ ಬೇಕಾಗುವ ಬಣ್ಣ ಒಂದೇ.

ಚದುರಂಗಿ:
ಏಳು ಜನಕ್ಕೆ ಒಂದೇ ಬಣ್ಣನಾ? ನಮ್ಮಲ್ಲಿ ಒಬ್ಬೊಬ್ಬರಿಗೂ ಅವರದೇ ಕಾಯಿ ಬಣ್ಣ ಇದೆ, ಅದರ ಮೇಲೆ ಅಭಿಮಾನ ಜಾಸ್ತಿ. "ನನ್ನ ಕೆಂಪು ಎಲ್ಲಿ" ಅಂತ ಕೇಳುತ್ತಾರೆ.

ಗೆರೆಗಾರ:
ಅದು ನ್ಯಾಯವಾದ ಮಾತೇ. ಕಾಯಿಯ ಬಣ್ಣವೇ ಗೆರೆಯ ಬಣ್ಣ ಆದರೆ ಯಾರೂ ಹೊಸದಾಗಿ ನೆನಪಿಡಬೇಕಾಗಿಲ್ಲ. ಆದರೆ ಕಾಯಿಗಳ ಬಣ್ಣ ಆರಿಸಿದ್ದು ಮೇಜಿಗೆ, ಪರದೆಗೆ ಅಲ್ಲ. ಕಟಾನ್ ಆಟದಲ್ಲಿ ಕೆಂಪು, ನೀಲಿ, ಬಿಳಿ, ಕಿತ್ತಳೆ. ಬಿಳಿ ಕಾಯಿಯವರ ಗೆರೆ ಬಿಳಿ ಹಾಳೆಯ ಮೇಲೆ ಹೇಗೆ ಎಳೆಯುತ್ತೀರಿ? ಕೆಂಪು ಕಿತ್ತಳೆ ಅಂತೂ ಪಕ್ಕಪಕ್ಕದ ಬಣ್ಣ.

ಚದುರಂಗಿ:
ಬಿಳಿಗೆ ಕಪ್ಪು ಅಂಚು ಕೊಡ್ತೀವಿ. ಕೆಂಪನ್ನ ಗಾಢ ಮಾಡಿ, ಕಿತ್ತಳೆಯನ್ನ ಹಳದಿ ಕಡೆಗೆ ತಳ್ತೀವಿ. ಈವರೆಗೆ ಯಾರೂ ಗೊಣಗಿಲ್ಲ.

ಮಬ್ಬುಹಸಿರು:
ನಿಮ್ಮಲ್ಲಿ ಒಬ್ಬರು ಎರಡು ವರ್ಷದಿಂದ ಸುಮ್ಮನಿರಬಹುದು. ಕೇಳಿ ನೋಡಿ.

ಚದುರಂಗಿ:
ಈ ವಾರವೇ ಕೇಳುತ್ತೇನೆ.

ಸ್ಕೋರ್‌ಬುಕ್:
ನಡುವೆ ಒಂದು ಪ್ರಶ್ನೆ. ನನ್ನ ಗೆರೆಗಳ ಬಣ್ಣ ತಿಂಗಳಿಂದ ತಿಂಗಳಿಗೆ ತಾನಾಗಿಯೇ ಬದಲಾಗುತ್ತೆ. ಒಬ್ಬರು ಬರದೇ ಇದ್ದ ತಿಂಗಳು ಎಲ್ಲರ ಬಣ್ಣವೂ ಒಂದೊಂದು ಜಾಗ ಜರುಗಿತ್ತು. ಅದು ಯಾಕೆ?

ಗೆರೆಗಾರ:
ಸಾಫ್ಟ್‌ವೇರ್ ಹೆಸರಿಗೆ ಬಣ್ಣ ಕೊಡಲ್ಲ, ಸಾಲಿಗೆ ಕೊಡುತ್ತೆ. ಮೊದಲ ಸಾಲಿಗೆ ಮೊದಲ ಬಣ್ಣ, ಎರಡನೆಯದಕ್ಕೆ ಎರಡನೇ ಬಣ್ಣ. ನಡುವೆ ಒಬ್ಬರು ಹೋದರೆ ಅವರ ಕೆಳಗಿದ್ದವರೆಲ್ಲ ಒಂದೊಂದು ಸ್ಥಾನ ಮೇಲೆ ಬರುತ್ತಾರೆ. ಹೋದ ತಿಂಗಳು ಹಸಿರಾಗಿದ್ದವರು ಈ ತಿಂಗಳು ಕಿತ್ತಳೆ. ಓದುವವರಿಗೆ ಅದು ಬೇರೆ ಮನುಷ್ಯ ಅನ್ನಿಸುತ್ತೆ. ಇದಕ್ಕಿಂತ ದೊಡ್ಡ ಮೋಸ ಚಾರ್ಟ್‌ನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹೆಸರಿನ ಪಕ್ಕದಲ್ಲಿ ಅವರ ಬಣ್ಣದ ಸಂಖ್ಯೆ ಬರೆದ ಒಂದು ಪಟ್ಟಿ ಇಟ್ಟುಕೊಳ್ಳಿ. ಪ್ರತಿ ಸಲ ಅದರಿಂದಲೇ ಹಾಕಿ.

ಪೈಥಾನ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಅದರಲ್ಲಿ ಚಾರ್ಟ್ ಮಾಡುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ತಾನಾಗಿ ಬರುವ ಬಣ್ಣ ಹತ್ತೇ. ಹನ್ನೊಂದನೇ ಆಟಗಾರನಿಗೆ ಮೊದಲನೆಯವರ ನೀಲಿಯೇ ಮತ್ತೆ ಬರುತ್ತೆ, ಯಾವ ಎಚ್ಚರಿಕೆಯೂ ಬರಲ್ಲ. ಆ ಹತ್ತರಲ್ಲಿ ಮೂರನೆಯದು ಹಸಿರು, ನಾಲ್ಕನೆಯದು ಕೆಂಪು. ಅಕ್ಕಪಕ್ಕ!

ಬೆಂಚಿನವನು:
ಫೋನಿನಲ್ಲಿ ಮಾತಾಡುವಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಚಾರ್ಟ್ ಎದುರಿಗಿಲ್ಲದವರಿಗೆ ಬಣ್ಣದ ಹೆಸರು ಹೇಳಿ ಗೆರೆ ತೋರಿಸಲು ಆಗಬೇಕು. "ನೀಲಿ ಗೆರೆ ನೋಡಿ" ಅಂದರೆ ಮುಗಿಯಬೇಕು. "ಆ ಹಸಿರಲ್ಲ, ಇನ್ನೊಂದು ಹಸಿರು" ಅಂತ ಬಂದರೆ ಆ ಎರಡು ಬಣ್ಣ ತೀರಾ ಹತ್ತಿರ ಅಂತ ಅರ್ಥ.

ಚದುರಂಗಿ:
ನಮ್ಮಲ್ಲಿ ಹೆಸರಿಗೇನು ಬರ? ಗಿಳಿಹಸಿರು, ಎಲೆಹಸಿರು, ಪಾಚಿಹಸಿರು ಅಂತ ಬೇರೆ ಬೇರೆಯಾಗಿ ಹೇಳಬಹುದು.

ಬೆಂಚಿನವನು:
ಹೇಳಬಹುದು. ಎರಡು ಮಿಲಿಮೀಟರ್ ಗೆರೆಯಲ್ಲಿ ಗಿಳಿ ಯಾವುದು, ಪಾಚಿ ಯಾವುದು ಅಂತ ಹೇಳಿ ನೋಡೋಣ.

ಕುದುರೆನಡೆ:
ನವಿಲುನೀಲಿ ಬಿಟ್ಟಿರಿ. ನಮ್ಮ ಅಜ್ಜಿಯ ಬಾಯಲ್ಲಿ ನೀಲಿ ಹಸಿರು ಎರಡೂ ಕಡೆ ಸಲ್ಲುವ ಬಣ್ಣ ಅದು.

ಹೊಸಬಳು:
ವಿಷಯಕ್ಕೆ ಬರೋಣ. ಮೂರನೇ ಚಾರ್ಟ್ ಬಗ್ಗೆ ಸ್ಕೋರ್‌ಬುಕ್ ಅವರನ್ನ ಕೇಳಬೇಕಿತ್ತು. ಸಂಖ್ಯೆಗೆ ತಕ್ಕಂತೆ ಚೌಕಕ್ಕೆ ತಾನಾಗಿ ಬಣ್ಣ ತುಂಬುವ ಎಕ್ಸೆಲ್‌ನ ಮೂರು ಬಣ್ಣದ ಸ್ಕೇಲ್ ಬಳಸಿದ್ದೀರಾ?

ಸ್ಕೋರ್‌ಬುಕ್:
ಹೌದು. ಹಸಿರು, ಹಳದಿ, ಕೆಂಪು. ಅದರಲ್ಲಿ ಮೊದಲು ಸಿಗೋದು ಅದೇ.

ತೂಕದಕಲ್ಲು:
ಹಾಗಾದರೆ ನಿಮ್ಮ ಚಾರ್ಟ್ ಎಲ್ಲರ ಕಣ್ಣಿಗೂ ತಪ್ಪು ಹೇಳುತ್ತಿರಬಹುದು. ಆ ಸ್ಕೇಲ್‌ನಲ್ಲಿ ನಡುವಿನ ಬಣ್ಣ ಸೊನ್ನೆಯ ಮೇಲೆ ಕೂರಲ್ಲ. ಸಂಖ್ಯೆಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವೆ ಬಂದ ಸಂಖ್ಯೆಯ ಮೇಲೆ ಕೂರುತ್ತೆ. ಉದಾಹರಣೆಗೆ ಒಬ್ಬ ಒಳ್ಳೆ ಆಟಗಾರನ ಹಾಳೆ ಅಂದುಕೊಳ್ಳಿ. ಏಳು ಆಟದ ಅಂತರ: -12, +2, +4, +9, +15, +21, +30. ನಟ್ಟನಡುವಿನದು +9. ಹಳದಿ ಅದಕ್ಕೆ ಹೋಯಿತು. +4ರಲ್ಲಿ ಗೆದ್ದ ಆಟಕ್ಕೆ ಕೆಂಪಿನ ಛಾಯೆ ಬಂತು. ಗೆದ್ದ ಆಟ ಸೋತ ಹಾಗೆ ಕಾಣುತ್ತೆ!

ಸರಿ ಮಾಡೋದು ಸುಲಭ. ಸ್ಕೇಲ್‌ನ ನಿಯಮ ತೆರೆದು, ಮಧ್ಯಬಿಂದುವಿಗೆ ಶೇಕಡಾ ಸ್ಥಾನದ ಬದಲು ಸಂಖ್ಯೆ ಆರಿಸಿ, 0 ಅಂತ ಹಾಕಿ. ಎರಡು ತುದಿಗೂ ಸಮನಾದ ಸಂಖ್ಯೆ ಕೊಡಿ, -30 ಮತ್ತು +30. ಇಲ್ಲದಿದ್ದರೆ 12 ಅಂಕದ ಸೋಲು 30 ಅಂಕದ ಗೆಲುವಿನಷ್ಟೇ ಗಾಢವಾಗಿ ಕಾಣುತ್ತೆ. ಎಲ್ಲರ ಹಾಳೆಗೂ ಅದೇ ತುದಿ ಇರಲಿ, ಆಗಲೇ ಹೋಲಿಸಲು ಸಾಧ್ಯ. ಬಣ್ಣ ನೀಲಿಯಿಂದ ಬಿಳಿಗೆ, ಬಿಳಿಯಿಂದ ಕಿತ್ತಳೆಗೆ.

ಹೊಸಬಳು:
ಗೆಲುವು ಸೋಲು ಇಲ್ಲದೆ ಬರೀ ಅಂಕ ಇದ್ದರೆ? ಕಾಮನಬಿಲ್ಲಿನ ತರದ ಬಣ್ಣದ ಸ್ಕೇಲ್ ಇರುತ್ತಲ್ಲ, ಅದು ನೋಡಲು ಚೆನ್ನಾಗಿರುತ್ತೆ.

ತೂಕದಕಲ್ಲು:
ಬೇಡ. ಅದರಲ್ಲಿ ಹಳದಿ ಬರುವ ಕಡೆ ಥಟ್ಟನೆ ಹೊಳೆಯುತ್ತೆ. ಅಂಕದಲ್ಲಿ ಇಲ್ಲದ ಏರು ಕಣ್ಣಿಗೆ ಕಾಣುತ್ತೆ. ಮ್ಯಾಟ್‌ಪ್ಲಾಟ್‌ಲಿಬ್‌ನವರೇ 2017ರ 2.0 ಆವೃತ್ತಿಯಲ್ಲಿ ತಾನಾಗಿ ಬರುವ ಸ್ಕೇಲ್ ಆಗಿ ಅದನ್ನ ಬಿಟ್ಟು ವಿರಿಡಿಸ್ ಅನ್ನುವ ಸ್ಕೇಲ್‌ಗೆ ಹೋದರು. ಗಾಢ ನೇರಳೆಯಿಂದ ಹಳದಿಯವರೆಗೆ ಒಂದೇ ಸಮನೆ ತಿಳಿಯಾಗುತ್ತಾ ಹೋಗುತ್ತೆ. ಅಷ್ಟೂ ಬೇಡ ಅಂದರೆ ಒಂದೇ ನೀಲಿಯ ತಿಳಿಯಿಂದ ಗಾಢಕ್ಕೆ ಸಾಕು.

ಹೊಸಬಳು:
ಸರಿ ಅಣ್ಣಾ. ನನ್ನಿಂದಲೂ ಒಂದು ಸಲಹೆ. ಗುಂಪಿಗೆ ಕಳಿಸುವಾಗ ಜೆಪೆಗ್ ಬೇಡ, ಪಿಎನ್‌ಜಿ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಜೆಪೆಗ್ ಸಾಮಾನ್ಯವಾಗಿ ಹೊಳಪನ್ನ ಉಳಿಸಿಕೊಂಡು ಬಣ್ಣದ ವಿವರವನ್ನ ಕಡಿಮೆ ಮಾಡುತ್ತೆ. ಫೋಟೋದಲ್ಲಿ ಗೊತ್ತಾಗಲ್ಲ, ತೆಳು ಗೆರೆಯಲ್ಲಿ ಗೊತ್ತಾಗುತ್ತೆ. ಕೆಂಪು ಗೆರೆಯ ಸುತ್ತ ಕೊಳೆ ಹಿಡಿದ ಹಾಗಿರುತ್ತೆ. ಕಳಿಸುವ ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ಪರದೆಯನ್ನ ಕಪ್ಪುಬಿಳುಪು ಮಾಡಿ ಒಂದು ಸಲ ನೋಡಿ. ಅರ್ಧ ನಿಮಿಷದ ಕೆಲಸ.

ಸ್ಕೋರ್‌ಬುಕ್:
ಎಲ್ಲರಿಗೂ ತುಂಬಾ ಧನ್ಯವಾದ. ಎರಡು ರಾತ್ರಿ ಕೂತು ಮೂರನ್ನೂ ಹೊಸದಾಗಿ ಮಾಡಿದೆ. ಚೌಕಗಳಲ್ಲಿ ನೀಲಿ, ತಿಳಿ ಬೂದು, ಕಿತ್ತಳೆ, ಒಳಗೆ 1, ½, 0. ಗೆರೆಗಳು ಏಳು ಪುಟ್ಟ ಚಾರ್ಟ್ ಆದವು. ಅಂತರದ ಹಾಳೆಯಲ್ಲಿ ನಡುವೆ 0 ಇಟ್ಟ ಕೂಡಲೇ ಒಬ್ಬರ ಮೂರು ಕೆಂಪು ಚೌಕ ನೀಲಿಗೆ ತಿರುಗಿದವು. ಮೂರೂ ಅವರು ಗೆದ್ದ ಆಟಗಳು. ಅವರ ಹತ್ತಿರ ಕ್ಷಮೆ ಕೇಳಿದೆ.

ಕಪ್ಪುಬಿಳುಪಲ್ಲಿ ನೋಡಿಯೇ ಕಳಿಸಿದೆ. ಹತ್ತು ನಿಮಿಷಕ್ಕೆ ನನ್ನ ಆ ಗೆಳೆಯರ ಫೋನ್ ಬಂತು. ಮೊದಲ ಮಾತೇ: "ಎರಡನೇ ವಾರದ ಕೊನೆಯ ಆಟಕ್ಕೆ ನನಗೆ 0 ಯಾಕೆ ಹಾಕಿದ್ದೀರಿ? ಅದು ಡ್ರಾ ಆಗಿತ್ತು." ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ.

ಹಳೇಕೋಚ್:
ತಿದ್ದಿದಿರಾ?

ಸ್ಕೋರ್‌ಬುಕ್:
ತಿದ್ದಿದೆ ಸರ್. ಇಬ್ಬರ ಚೌಕದಲ್ಲೂ ½. ಈಗ ಅವರು ಹಿಂದಿನ ಎರಡು ವರ್ಷದ ಪಟ್ಟಿಯನ್ನೂ ಹೊಸ ಬಣ್ಣದಲ್ಲಿ ಕೇಳಿದ್ದಾರೆ. ಭಾನುವಾರ ಕೂರುತ್ತೇನೆ.